ಶ್ರೀಲಂಕಾದ ದಕ್ಷಿಣ ಕಡಲು: ಗೆಳೆಯರ ಗುಂಪಿಗೆ ಯಾವ ಕೊಲ್ಲಿ, ಯಾವ ಮನೆ, ಯಾವ ದೋಣಿ

ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ಐದಾರು ಗೆಳೆಯರು ಸೇರಿ ಕೈಕಾಲು ಚಾಚಿ ಕೂರಬೇಕು, ಬೆಳಿಗ್ಗೆ ಒಂದಿಷ್ಟು ಈಜಬೇಕು, ಮಧ್ಯಾಹ್ನ ನಿದ್ದೆ, ಸಂಜೆ ಮೀನು ಎಂದುಕೊಂಡರೆ ಶ್ರೀಲಂಕಾದ ದಕ್ಷಿಣ ಕರಾವಳಿಗೆ ನಮ್ಮ ಮೊದಲ ಮತ. ಹಿಕ್ಕಡುವದಿಂದ ತಂಗಲ್ಲದವರೆಗೆ ಸುಮಾರು ನೂರು ಕಿಲೋಮೀಟರ್. ಆದರೆ ಇಷ್ಟೂ ಉದ್ದ ಒಂದೇ ಬೀಚ್ ಎಂದುಕೊಂಡು ಹೊರಟವರೇ ಹೆಚ್ಚಾಗಿ ಬೇಸರಪಟ್ಟು ಬರುತ್ತಾರೆ. ಇಲ್ಲಿ ಇರುವುದು ಸಾಲು ಸಾಲು ಕೊಲ್ಲಿಗಳು. ಒಂದರ ತಳ ಮರಳು, ಪಕ್ಕದ್ದರದು ಬಂಡೆ. ಒಂದರಲ್ಲಿ ಈಜು ಬಾರದವರೂ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಹರಟಬಹುದು, ಇನ್ನೊಂದರಲ್ಲಿ ಮೊಣಕಾಲಿನ ಆಳದಲ್ಲೇ ಅಲೆ ಕಾಲು ಕಿತ್ತು ಎಳೆಯುತ್ತದೆ. ಹಾಗಾಗಿ ಹೋಟೆಲ್ ಫೋಟೊ ನೋಡುವ ಮೊದಲು ಕೊಲ್ಲಿ ಯಾವುದು ಎಂದು ತೀರ್ಮಾನಿಸಬೇಕು.

ಮೊದಲು ಕಾಲದ ಮಾತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನ್ ಈ ತೀರಕ್ಕೆ ನೇರವಾಗಿ ಬಡಿಯುತ್ತದೆ. ಕಡಲು ಕೆಂಪಗೆ, ಒರಟಾಗಿ ಇರುತ್ತದೆ. ಡಿಸೆಂಬರ್‌ನಿಂದ ಗಾಳಿ ಈಶಾನ್ಯ ದಿಕ್ಕಿನಿಂದ ಬೀಸತೊಡಗಿ ಮಳೆ ಪೂರ್ವ ತೀರದ ಅರುಗಮ್ ಬೇ, ಟ್ರಿಂಕೋಮಲಿ ಕಡೆಗೆ ಹೋಗುತ್ತದೆ. ದಕ್ಷಿಣದಲ್ಲಿ ಆಗ ಬೆಳಗಿನ ಗಾಳಿ ನೆಲದಿಂದ ಕಡಲಿನತ್ತ ಬೀಸುವುದರಿಂದ ಅಲೆ ನಯವಾಗಿ ಏಳುತ್ತದೆ, ನೀರು ತಿಳಿಯಾಗುತ್ತದೆ. ನೀರಿನ ಉಷ್ಣತೆ 27–28 ಡಿಗ್ರಿ. ನವೆಂಬರ್‌ನಲ್ಲಿ ಬಾಡಿಗೆ ಕಡಿಮೆ ಎಂದು ಹೋಗುವವರಿಗೆ ಮಧ್ಯಾಹ್ನದ ಗುಡುಗು ಮಳೆ ಖಾತ್ರಿ, ಜತೆಗೆ ಬಂಗಾಳ ಕೊಲ್ಲಿಯ ಚಂಡಮಾರುತದ ಭಯ. ಕ್ರಿಸ್‌ಮಸ್‌ನಿಂದ ಜನವರಿ ಮೊದಲ ವಾರದವರೆಗೆ ಬಾಡಿಗೆ ಏರುತ್ತದೆ, ನಾಲ್ಕೈದು ರಾತ್ರಿಗಿಂತ ಕಡಿಮೆಗೆ ಮನೆ ಕೊಡಲು ಹಲವರು ಒಪ್ಪುವುದಿಲ್ಲ. ಜನವರಿ ಹತ್ತರ ನಂತರದಿಂದ ಫೆಬ್ರವರಿ ಕೊನೆಯವರೆಗಿನ ಕಾಲವೇ ಚಿನ್ನ.

ಇನ್ನು ಕೊಲ್ಲಿಗಳು. ಉನವಟುನ ಗಾಲ್ ಊರಿನಿಂದ ಐದಾರು ಕಿಲೋಮೀಟರ್. ಅರ್ಧಚಂದ್ರದ ಆಕಾರ, ಹೊರಗೆ ಬಂಡೆಸಾಲು ತಡೆ, ಒಳಗೆ ಶಾಂತ ನೀರು. ಗುಂಪಿನಲ್ಲಿ ಅರ್ಧ ಜನಕ್ಕೆ ಈಜು ಬಾರದಿದ್ದರೆ ಇದು ಸರಿ. ಕೊರತೆಯೆಂದರೆ ಮರಳು ಕೊಚ್ಚಿಹೋಗಿ ತೀರ ಕಿರಿದಾಗಿದೆ, ರೆಸ್ಟೋರೆಂಟ್ ಮೇಜುಗಳು ನೀರಿನ ಅಂಚಿಗೇ ಬಂದು ಕೂತಿವೆ, ಸಂಜೆ ಒಂದಕ್ಕೊಂದು ಹಾಡಿನ ಪೈಪೋಟಿ. ಪಕ್ಕದ ರುಮಸ್ಸಲ ಗುಡ್ಡದ ಕೆಳಗಿನ ಜಂಗಲ್ ಬೀಚ್ ನೆರಳಿಗೆ ಚೆನ್ನ. ಸ್ನಾರ್ಕೆಲ್ ಹಾಕಿಕೊಂಡು ಬಣ್ಣದ ಹವಳ ಹುಡುಕಿದರೆ ನಿರಾಶೆಯೇ. ದಲವೆಲ್ಲದಲ್ಲಿ ಬಂಡೆಗಳು ತಡೆಹಿಡಿದ ಸಹಜ ಕೊಳವಿದೆ, ಬೆಳಿಗ್ಗೆ ಆಮೆಗಳು ಬರುತ್ತವೆ. ತೆಂಗಿನ ಮರದ ಹಗ್ಗದುಯ್ಯಾಲೆಗೆ ದುಡ್ಡು ಕೊಟ್ಟು ಸಾಲು ನಿಲ್ಲುವ ಸಮಯದಲ್ಲಿ ಆ ಕೊಳದಲ್ಲಿ ಒಂದು ಸುತ್ತು ಈಜಬಹುದು.

ಅಹಂಗಮ, ಮಿದಿಗಮ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ, ಬಲ್ಲವರ ಜಾಗ. ಅಲೆ ಒಡೆಯುವುದು ಬಂಡೆಯ ಮೇಲೆ, ಕಾಲಿಟ್ಟರೆ ಕಡಲ ಮುಳ್ಳುಕಾಯಿ (ಸೀ ಅರ್ಚಿನ್ ಎಂಬ ಮುಳ್ಳುಮೈ ಜೀವಿ) ಚುಚ್ಚುತ್ತದೆ. ಕಲಿಯುವವರಿಗೆ ಬೇಡವೇ ಬೇಡ. ದಿಕ್ವೆಲ್ಲ ಪಕ್ಕದ ಹಿರಿಕೆಟಿಯ ಕುದುರೆ ಲಾಳದಂತೆ ಸುತ್ತಿಕೊಂಡ ಪುಟ್ಟ ಕೊಲ್ಲಿ. ಅಂದವೆಂದರೆ ಅಂದ, ಆದರೆ ಬೆಳಿಗ್ಗೆ ಎಂಟಾದ ಮೇಲೆ ನೀರಿನಲ್ಲಿ ಹಲಗೆಗೆ ಹಲಗೆ ತಾಗುವಷ್ಟು ಜನ. ತಂಗಲ್ಲದ ಕಡೆ ಉದ್ದನೆಯ ನಿರ್ಜನ ಮರಳಿದೆ, ನೋಡಲು ಸೊಗಸು. ದಡ ಕಡಿದಾಗಿರುವುದರಿಂದ ಅಲೆ ನೇರವಾಗಿ ದಡಕ್ಕೇ ಕುಸಿಯುತ್ತದೆ. ಈಜಿನ ಆಸೆ ಇಟ್ಟುಕೊಂಡು ಅಲ್ಲಿ ಮನೆ ಹಿಡಿಯಬೇಡಿ.

ನಮ್ಮ ಆಯ್ಕೆ ವೆಲಿಗಾಮ–ಮಿರಿಸ್ಸ ನಡುವಿನ ಆರೇಳು ಕಿಲೋಮೀಟರಿನೊಳಗೆ ಒಂದೇ ಬಿಡಾರ, ಐದು ರಾತ್ರಿ. ವೆಲಿಗಾಮ ಕಣ್ಣಿಗೆ ಅಂಥಾ ಸುಂದರವಲ್ಲ. ಮಾತರಕ್ಕೆ ಹೋಗುವ ಹೆದ್ದಾರಿ ತೀರವನ್ನು ತಾಗಿಕೊಂಡೇ ಓಡುತ್ತದೆ, ಬಸ್ಸುಗಳ ಹಾರ್ನ್ ನಿಲ್ಲುವುದಿಲ್ಲ. ಆದರೆ ಅಗಲವಾದ ಮರಳು ತಳದ ಕೊಲ್ಲಿ, ಆಳ ನಿಧಾನಕ್ಕೆ ಇಳಿಯುತ್ತದೆ, ಸರ್ಫಿಂಗ್ ಕಲಿಯಲು ಈ ದ್ವೀಪದಲ್ಲೇ ಇದಕ್ಕೆ ಸಾಟಿಯಿಲ್ಲ. ದಡದಿಂದ ಕೂಗಳತೆಯಲ್ಲಿರುವ ತಪ್ರೋಬೇನ್ ದ್ವೀಪ, 1920ರ ದಶಕದಲ್ಲಿ ಕೌಂಟ್ ದ ಮೋನಿ ಮನೆ ಕಟ್ಟಿಕೊಂಡದ್ದು, ಸಂಜೆ ಬೆಳಕಿನಲ್ಲಿ ಕಪ್ಪಗೆ ತೇಲುವಂತೆ ಕಾಣುತ್ತದೆ. ಮಿರಿಸ್ಸ ಅಂದದ ಕೊಲ್ಲಿ. ನಡುಭಾಗದಲ್ಲಿ ಅಲೆ ದಡಕ್ಕೆ ಬಡಿಯುತ್ತದೆ; ಪ್ಯಾರಟ್ ರಾಕ್ ಎಂಬ ಗುಡ್ಡೆಬಂಡೆಯ ಮಗ್ಗುಲಲ್ಲಿ ನೀರು ಮೆತ್ತಗಿರುತ್ತದೆ. ಬೆಳಿಗ್ಗೆ ವೆಲಿಗಾಮದಲ್ಲಿ ಸರ್ಫಿಂಗ್, ಸಂಜೆ ಮಿರಿಸ್ಸದಲ್ಲಿ ಈಜು ಮತ್ತು ಊಟ, ನಡುವೆ ಹದಿನೈದು ನಿಮಿಷದ ತ್ರಿಚಕ್ರ (ಆಟೊ) ಸವಾರಿ. ದಿನಕ್ಕೊಂದು ಊರು ಬದಲಿಸಿದರೆ ಬ್ಯಾಗು ತುಂಬುವುದರಲ್ಲೇ ರಜೆ ಮುಗಿಯುತ್ತದೆ.

ಮನೆ ಹಿಡಿಯುವಾಗ ಮೋಸಹೋಗುವುದು ಎರಡು ಮಾತುಗಳಲ್ಲಿ. 'ಬೀಚ್‌ಫ್ರಂಟ್' ಎಂದು ಹಾಕಿರುತ್ತಾರೆ. ಮನೆಗೂ ಮರಳಿಗೂ ನಡುವೆ ಹೆದ್ದಾರಿ ಇರುತ್ತದೆ. 'ಪ್ರಶಾಂತ' ಎಂದು ಹಾಕಿರುತ್ತಾರೆ. ಹಿತ್ತಲಲ್ಲೇ ರೈಲು ಹಳಿ ಇರುತ್ತದೆ. ಕರಾವಳಿ ರೈಲು ಮತ್ತು ರಸ್ತೆ ಎರಡೂ ಕಡಲಿನ ಪಕ್ಕದಲ್ಲೇ ಹೋಗುವುದರಿಂದ ಉಪಗ್ರಹ ನಕ್ಷೆಯಲ್ಲಿ ಮನೆಯ ಜಾಗ ನೋಡದೆ ಮುಂಗಡ ಕೊಡಬೇಡಿ. ಆರು ಜನಕ್ಕೆ ಮೂರು ಕೋಣೆಯ ವಿಲ್ಲಾ ಹೋಟೆಲ್‌ಗಿಂತ ಹಿತ, ಲೆಕ್ಕದಲ್ಲೂ ಅಗ್ಗ. ಕೇಳಿ ಬರೆಸಿಕೊಳ್ಳಬೇಕಾದದ್ದು: ಎ.ಸಿ. ಎಷ್ಟು ಕೋಣೆಯಲ್ಲಿದೆ, ಅದರ ಕರೆಂಟು ಬಾಡಿಗೆಯೊಳಗೋ ಹೊರಗೋ, ಕರೆಂಟು ಹೋದರೆ ಜನರೇಟರ್ ಇದೆಯೋ, ಕಿಟಕಿಗೆ ಸೊಳ್ಳೆಪರದೆ ಇದೆಯೋ. ಸೊಳ್ಳೆಯ ಮಾತು ಸಣ್ಣದಲ್ಲ: ವರ್ಷದ ಕೊನೆಗೂ ಜನವರಿಗೂ ಅಲ್ಲಿ ಡೆಂಗಿ ಏರುವ ಕಾಲ. ಹಗಲಲ್ಲೇ ಕಚ್ಚುವ ಸೊಳ್ಳೆಯಾದ್ದರಿಂದ ಮುಲಾಮನ್ನು ಬೆಳಿಗ್ಗೆಯೇ ಹಚ್ಚಬೇಕು. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆಮುಲಾಮು.

ಹಲವು ವಿಲ್ಲಾಗಳಲ್ಲಿ ಅಡುಗೆಯವರೂ ಇರುತ್ತಾರೆ. ಸಾಮಾನಿನ ಬಿಲ್ಲು ನಿಮ್ಮದು, ಅಡುಗೆಗೆ ಬೇರೆ ಕೂಲಿ ಅಥವಾ ಬಾಡಿಗೆಯಲ್ಲೇ ಸೇರಿದ್ದು. ಯಾವುದೆಂದು ಮೊದಲೇ ಕೇಳಿ, ಹಿಂದಿನ ಸಂಜೆಯೇ ಮರುದಿನದ ಊಟ ಹೇಳಿಬಿಡಿ. ಮೀನು ತರಲು ಅವರು ಬೆಳಿಗ್ಗೆ ಆರಕ್ಕೇ ಹೋಗುತ್ತಾರೆ. ನಮ್ಮ ಮಟ್ಟಿಗೆ ಇಡೀ ಪ್ರವಾಸದ ಅತ್ಯುತ್ತಮ ಸೇವೆ ಇದೇ. ಮಣ್ಣಿನ ಗಡಿಗೆಯಲ್ಲಿ ಮಾಡುವ ಅಂಬುಲ್ ತಿಯಲ್ ದಕ್ಷಿಣದ ತಿನಿಸು. ಟ್ಯೂನಾ ಮೀನಿನ ತುಂಡುಗಳಿಗೆ ಕರಿಮೆಣಸು ಮತ್ತು ಗೊರಕ ಅರೆದು ಸವರಿ, ನೀರು ಇಂಗಿ ಕಪ್ಪಗೆ ಅಂಟಿಕೊಳ್ಳುವವರೆಗೆ ಬೇಯಿಸುತ್ತಾರೆ. ಗೊರಕ ಎಂದರೆ ಬೇರೇನಲ್ಲ, ನಮ್ಮ ಉಪ್ಪಾಗೆ. ಬೀಚಿನ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಇದು ಅಪರೂಪ, ಮನೆ ಅಡುಗೆಯಲ್ಲಿ ಕೇಳಿದರೆ ಸಿಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಅಪ್ಪ, ಇಂದಿಯಾಪ್ಪ (ನಮ್ಮ ಒತ್ತು ಶ್ಯಾವಿಗೆಯದೇ ಬಳಗ), ಪರಿಪ್ಪು ಎಂಬ ತೊವ್ವೆ, ತೆಂಗಿನ ಹಾಲಿನ ತರಕಾರಿ ಪಲ್ಯ ಎಲ್ಲ ಬೇಕಾದಷ್ಟಿದೆ. ಆದರೆ ಕಾಯಿಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲೂ ಈರುಳ್ಳಿ–ಮೆಣಸಿನ ಲುನು ಮಿರಿಸಿನಲ್ಲೂ ಉಂಬಲಕಡ ಎಂಬ ಒಣಮೀನಿನ ಚೂರು ಇರುತ್ತದೆ, ಕೆಲವೊಮ್ಮೆ ತರಕಾರಿ ಪಲ್ಯದಲ್ಲೂ. 'ವೆಜ್' ಎಂದರೆ ತುಂಡು ಮೀನು ಇಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳುವವರಿದ್ದಾರೆ. 'ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ' ಎಂದು ಮೂರನ್ನೂ ಹೇಳಬೇಕು: ಮಾಂಸ ಬೇಡ, ಮೀನು ಬೇಡ, ಒಣಮೀನೂ ಬೇಡ.

ಸಂಜೆಯ ಮೀನಿನ ಮೇಜಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಗಳ ಆಗುವುದು ಅಲ್ಲೇ. ಮಿರಿಸ್ಸ, ಉನವಟುನಗಳಲ್ಲಿ ಕತ್ತಲಾಗುತ್ತಿದ್ದಂತೆ ರೆಸ್ಟೋರೆಂಟಿನ ಮುಂದೆ ಮರಳಿನಲ್ಲೇ ಐಸು ಹರಡಿದ ಮೇಜು ಬರುತ್ತದೆ. ತೋರ ಎಂಬ ಅಂಜಲ್, ಟ್ಯೂನಾ, ಸ್ನ್ಯಾಪರ್, ಸಿಗಡಿ, ಬೊಂಡಾಸ್, ಪಕ್ಕದಲ್ಲಿ ತಕ್ಕಡಿ. ಮೊದಲು ಕಿವಿರು ಎತ್ತಿ ನೋಡಿ; ರಕ್ತಗೆಂಪಿದ್ದರೆ ಸರಿ, ಕಂದಿದ್ದರೆ ಬಿಡಿ. ಕಣ್ಣು ಉಬ್ಬಿರಬೇಕು, ಬೆರಳಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ಆಮೇಲೆ ದರ ಕೇಳುವಾಗ ಕಿಲೋಗೋ ನೂರು ಗ್ರಾಮಿಗೋ ಎಂದು ಕೇಳಿ. ಫಲಕದ ಮೇಲಿನ ಸಣ್ಣ ಅಂಕಿ ಹಲವು ಬಾರಿ ನೂರು ಗ್ರಾಮಿನದು. ತೂಕ ಹಾಕುವುದು ಇಡೀ ಮೀನನ್ನು. ತಲೆ, ಕರುಳು ತೆಗೆದ ಮೇಲೆ ತಟ್ಟೆಗೆ ಬರುವುದು ಅದಕ್ಕಿಂತ ಬಹಳ ಕಡಿಮೆ. ಆರು ಜನಕ್ಕೆ ಎರಡು ಕಿಲೋದ ಒಂದು ಮೀನು, ಅರ್ಧ ಕಿಲೋ ಸಿಗಡಿ ಸಾಕು. ಅನ್ನ, ಸಲಾಡ್, ಚಿಪ್ಸ್ ಆ ದರದಲ್ಲೇ ಸೇರಿದೆಯೋ ಇಲ್ಲವೋ ಕೇಳಿ, ಒಟ್ಟು ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ಒಲೆಗೆ ಕಳಿಸಿ. ಸುಡುವಾಗ ಬೆಳ್ಳುಳ್ಳಿ, ನಿಂಬೆ, ಉಪ್ಪು ಸಾಕೆನ್ನಿ; ಕೆಂಪು ಸಾಸಿನ 'ಡೆವಿಲ್ಡ್' ಸಿಗಡಿಗೆ ಹೊಂದುತ್ತದೆ, ತಾಜಾ ಅಂಜಲಿಗೆ ಹಾಕಿದರೆ ಮೀನಿನ ರುಚಿಯೇ ಹೋಗುತ್ತದೆ.

ಬಿಲ್ಲಿನ ಕೊನೆಗೆ ಎರಡು ಸಾಲು ಸೇರುತ್ತವೆ. ಸೇವಾಶುಲ್ಕ ಸಾಮಾನ್ಯವಾಗಿ ಶೇ. 10. ವ್ಯಾಟ್ ನೋಂದಣಿ ಇರುವ ಜಾಗವಾದರೆ ಅದರ ಮೇಲೆ ಇನ್ನು ಶೇ. 18, 2024ರ ಜನವರಿಯಿಂದ ಇದೇ ದರ. ಪಟ್ಟಿಯಲ್ಲಿ 2,000 ರೂಪಾಯಿ ಇದ್ದದ್ದು ಸೇವಾಶುಲ್ಕ ಸೇರಿ 2,200, ವ್ಯಾಟ್ ಸೇರಿ 2,596 ಆಗುತ್ತದೆ. ಹಾಗಾಗಿ 'ನೆಟ್ಟೋ, ಪ್ಲಸ್ ಪ್ಲಸ್ಸೋ', ಅಂದರೆ ಎಲ್ಲ ಸೇರಿದ ದರವೋ, ಮೇಲೆ ಇವೆರಡೂ ಸೇರುತ್ತವೆಯೋ ಎಂದು ಕೂರುವ ಮೊದಲೇ ಕೇಳಿ. ರಸ್ತೆ ಬದಿಯ ಅನ್ನ–ಪಲ್ಯದ ಅಂಗಡಿಗಳಲ್ಲಿ ಈ ತಾಪತ್ರಯವಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಹೋದರೆ ಎಲ್ಲ ಬಿಸಿ, ಎರಡಾದ ಮೇಲೆ ತಳ ಕೆರೆದದ್ದು. ಪ್ರತಿ ಹುಣ್ಣಿಮೆ ಪೋಯ ದಿನ: ದೇಶಕ್ಕೆಲ್ಲ ರಜೆ, ಮದ್ಯ ಮಾರುವಂತಿಲ್ಲ. ಗುಂಪಿನಲ್ಲಿ ಬಿಯರ್ ಬೇಕೆನ್ನುವವರಿದ್ದರೆ ಪಂಚಾಂಗ ನೋಡಿಯೇ ದಿನ ಗೊತ್ತುಮಾಡಿ.

ಸರ್ಫಿಂಗ್ ಪಾಠ. ವೆಲಿಗಾಮದ ಮರಳಿನ ಉದ್ದಕ್ಕೂ ಹಲಗೆ ಜೋಡಿಸಿಟ್ಟ ಗೂಡುಗಳಿವೆ, ಗುಣಮಟ್ಟ ಒಂದೊಂದರದು ಒಂದೊಂದು ಥರ. ಒಬ್ಬ ಗುರುವಿಗೆ ಇಬ್ಬರಿಗಿಂತ ಹೆಚ್ಚು ಶಿಷ್ಯರಿದ್ದರೆ ಬೇಡವೆನ್ನಿ. ನಾಲ್ಕು ಜನರಾದರೆ ನೀವು ಅಲೆ ಹಿಡಿಯುವುದಕ್ಕಿಂತ ಕಾಯುವುದೇ ಹೆಚ್ಚು. ಮೊದಲ ದಿನಕ್ಕೆ ಎಂಟರಿಂದ ಒಂಬತ್ತು ಅಡಿ ಉದ್ದದ, ಮೇಲ್ಮೈ ಮೆತ್ತಗಿರುವ ಸಾಫ್ಟ್‌ಟಾಪ್ ಹಲಗೆಯೇ ಆಗಬೇಕು. ಬಾಡಿಗೆಗೆ ಮುಂಚೆ ಮೂರು ಕಡೆ ನೋಡಿ: ಕಾಲಿಗೆ ಕಟ್ಟುವ ಲೀಶ್ ಹಗ್ಗದ ವೆಲ್ಕ್ರೊ ಹಿಡಿಯುತ್ತದೆಯೇ, ಅಡಿಯ ಫಿನ್‌ಗಳು ಅಲುಗಾಡುತ್ತಿಲ್ಲವೇ, ಹಲಗೆ ನೀರು ಕುಡಿದು ಭಾರವಾಗಿಲ್ಲವೇ. ಹಳೆಯ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ, ವಾಪಸು ಕೊಡುವಾಗ ಬೇಕಾಗುತ್ತದೆ.

ನೀರಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮಲಗುವಾಗ ಮುಂದಕ್ಕೆ ಸರಿದಿರುತ್ತಾರೆ. ಅಲೆ ಹಿಂದಿನಿಂದ ಎತ್ತಿದ ಕೂಡಲೇ ಹಲಗೆಯ ಮೂತಿ ನೀರಿಗೆ ಚುಚ್ಚಿ ಹಲಗೆ ಮುಗುಚುತ್ತದೆ. ಕಾಲ್ಬೆರಳು ಹಲಗೆಯ ಬಾಲ ಮುಟ್ಟುವಷ್ಟು ಹಿಂದಿರಬೇಕು, ಮೂತಿ ನೀರಿನಿಂದ ನಾಲ್ಕು ಬೆರಳು ಮೇಲಿರಬೇಕು. ಏಳುವಾಗ ಅಂಗೈಗಳನ್ನು ಎದೆಯ ಪಕ್ಕದಲ್ಲಿ ಊರಿ ಒಮ್ಮೆಗೇ ಎದ್ದು ನಿಲ್ಲಬೇಕು, ಮೊಣಕಾಲೂರಿದರೆ ಅಲ್ಲೇ ಮುಗಿಯಿತು. ಕಣ್ಣು ದಡದ ತೆಂಗಿನ ಮರದ ಮೇಲಿರಲಿ. ಕಾಲು ನೋಡಿದವರು ಕಾಲಿನತ್ತಲೇ ಬೀಳುತ್ತಾರೆ. ಬಿದ್ದರೆ ಬೆನ್ನಡಿಯಾಗಿ ಚಪ್ಪಟೆ ಬೀಳಿ, ತಲೆ ಮುಂದಾಗಿ ಧುಮುಕಬೇಡಿ. ಮೇಲೆ ಬರುವಾಗ ಕೈ ತಲೆಯ ಮೇಲಿರಲಿ. ಹಲಗೆಯನ್ನು ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿದರೆ ಮೂಗಿಗೋ ಹಲ್ಲಿಗೋ ಪೆಟ್ಟು ಖಂಡಿತ. ಬರಿಮೈಯಲ್ಲಿ ಎರಡು ಗಂಟೆ ಹಲಗೆಗೆ ಉಜ್ಜಿಕೊಂಡರೆ ಎದೆ, ಹೊಟ್ಟೆ ಕೆಂಪೇರಿ ಉರಿಯುತ್ತದೆ, ರ‍್ಯಾಶ್‌ಗಾರ್ಡ್ ಅಂಗಿ ಹಾಕಿಕೊಳ್ಳಿ. ಹೊತ್ತು ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಹತ್ತರ ನಂತರ ಕಡಲಗಾಳಿ ಎದ್ದು ಅಲೆ ಚೂರುಚೂರಾಗುತ್ತದೆ. ಮಳೆ ಬಂದ ಮರುದಿನ ಪೊಲ್ವತ್ತ ಹೊಳೆ ಕಡಲು ಸೇರುವ ಕಡೆ ಇಳಿಯಬೇಡಿ, ಊರ ಕೊಳಕೆಲ್ಲ ಅಲ್ಲಿಗೇ ಬರುತ್ತದೆ.

ತಿಮಿಂಗಿಲ ನೋಡುವ ದೋಣಿಗಳು ಮಿರಿಸ್ಸ ಮೀನುಗಾರಿಕೆ ಬಂದರಿನಿಂದ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಹೊರಡುತ್ತವೆ. ವಾಪಸಾಗಲು ನಾಲ್ಕೈದು ತಾಸು. ದೊಂಡ್ರ ಭೂಶಿರದ ಬಳಿ ಕಡಲತಳ ದಡಕ್ಕೆ ಹತ್ತಿರದಲ್ಲೇ ಥಟ್ಟನೆ ಆಳಕ್ಕಿಳಿಯುವುದರಿಂದ 20 ಮೀಟರ್ ದಾಟುವ ನೀಲಿ ತಿಮಿಂಗಿಲಗಳು ಇಷ್ಟು ಸಮೀಪ ಸಿಗುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಕಾಣುವ ಸಂಭವ ಚೆನ್ನಾಗಿದೆ, ಖಾತ್ರಿ ಯಾರೂ ಕೊಡಲಾರರು. ಕಾಣದಿದ್ದರೆ ಇನ್ನೊಮ್ಮೆ ಬಿಟ್ಟಿಯಾಗಿ ಕರೆದೊಯ್ಯುವವರಿದ್ದಾರೆ, ಟಿಕೆಟ್ ಕೊಳ್ಳುವಾಗಲೇ ಬರೆಸಿಕೊಳ್ಳಿ. ಈ ಸೇವೆಗೆ ನಮ್ಮ ಮೆಚ್ಚುಗೆ ಅರ್ಧ ಮಾತ್ರ. ಒಂದು ಉಸಿರು ಮೇಲೆ ಚಿಮ್ಮಿದ್ದೇ ತಡ, ಹತ್ತು ದೋಣಿಗಳು ಎಲ್ಲ ಕಡೆಯಿಂದ ನುಗ್ಗುವ ದಿನಗಳಿವೆ; ಪ್ರಾಣಿ ಕೂಡಲೇ ಆಳಕ್ಕೆ ಹೋಗಿಬಿಡುತ್ತದೆ. ನಿಯಮದ ಪ್ರಕಾರ 100 ಮೀಟರ್ ದೂರ ಬಿಡಬೇಕು. ವೇಗ ಇಳಿಸಿ ಪಕ್ಕದಲ್ಲಿ ಸಮಾನಾಂತರ ಸಾಗುವ, ಹಿಂದೆ ಬಿದ್ದು ಅಟ್ಟದ ದೋಣಿ ಹುಡುಕಿ. ತಿಮಿಂಗಿಲದ ಜತೆ ನೀರಿಗಿಳಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಲೇಬೇಡಿ.

ಆ ದೋಣಿಯಲ್ಲಿ ಗುಂಪಿನ ಅರ್ಧ ಜನ ವಾಂತಿ ಮಾಡಿಕೊಳ್ಳುವುದು ಸಾಮಾನ್ಯ, ತಡೆಯುವುದು ಕಷ್ಟವಲ್ಲ. ವೈದ್ಯರನ್ನು ಕೇಳಿ ತಂದ ಮಾತ್ರೆಯನ್ನು ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು. ತಲೆ ತಿರುಗತೊಡಗಿದ ಮೇಲೆ ನುಂಗಿದರೆ ಫಲವಿಲ್ಲ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ, ಎರಡು ಬಿಸ್ಕತ್ತು ಅಥವಾ ಒಣ ಬ್ರೆಡ್ ಸಾಕು. ಮೇಲಂತಸ್ತಿನಲ್ಲಿ ನೋಟ ಚೆಂದ, ತೂಗಾಟವೂ ಹೆಚ್ಚು. ಹೆದರಿಕೆ ಇರುವವರು ಕೆಳಗೆ ಹಿಂಬದಿಯಲ್ಲಿ, ಹೊಗೆ ಬಾರದ ಕಡೆ ಕೂತು ದಿಗಂತ ನೋಡಲಿ. ಫೋನಿನ ಪರದೆ ನೋಡಿದರೆ ಐದು ನಿಮಿಷದಲ್ಲಿ ಹೊಟ್ಟೆ ತೊಳಸುತ್ತದೆ.

ಈಜುವಾಗ ಕೆಂಪು ಬಾವುಟ ಇದ್ದ ಕಡೆ ಇಳಿಯಬಾರದು. ಬಾವುಟವೇ ಇಲ್ಲದ ಕೊಲ್ಲಿಗಳೂ ಇವೆ. ಎರಡು ಕಡೆ ನೊರೆಯ ಅಲೆ ಒಡೆಯುತ್ತಾ, ನಡುವೆ ಮಾತ್ರ ಸಪಾಟಾದ ಕಪ್ಪು ಪಟ್ಟಿ ಕಂಡರೆ ಅದು ಹೊರಕ್ಕೆಳೆಯುವ ಸೆಳವು. ಅಲೆಯಿಲ್ಲ, ಸುರಕ್ಷಿತ ಎಂದು ಜನ ಇಳಿಯುವುದು ಅಲ್ಲಿಗೇ. ಸಿಕ್ಕಿಕೊಂಡರೆ ದಡದತ್ತ ನೇರ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಇಪ್ಪತ್ತು ಮೂವತ್ತು ಮೀಟರ್ ಪಕ್ಕಕ್ಕೆ ಹೋದರೆ ಸೆಳವು ಸಡಿಲವಾಗುತ್ತದೆ, ಆಮೇಲೆ ಅಲೆಯೇ ತಳ್ಳಿಕೊಂಡು ಬರುತ್ತದೆ. ಕುಡಿದು ಇಳಿಯುವವರನ್ನು ಗೆಳೆಯರೇ ತಡೆಯಬೇಕು.

ಹೋಗಿಬರುವುದಕ್ಕೆ: ಕೊಲಂಬೊ ವಿಮಾನ ನಿಲ್ದಾಣದಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೆ ವೆಲಿಗಾಮಕ್ಕೆ ಎರಡೂವರೆ–ಮೂರು ತಾಸು. ಆರು ಜನ, ಆರು ಪೆಟ್ಟಿಗೆ ಇದ್ದರೆ 'ಕೆಡಿಎಚ್ ವ್ಯಾನ್' ಎಂದು ಕೇಳಿ, ಅಲ್ಲಿ ಹೈಏಸ್ ವ್ಯಾನಿಗೆ ಹಾಗೇ ಹೆಸರು. ಟೋಲ್ ಸೇರಿದ ದರ ಮಾತಾಡಿಕೊಳ್ಳಿ. ಕೈಚೀಲ ಮಾತ್ರ ಇದ್ದರೆ ಕೊಲಂಬೊ ಫೋರ್ಟ್‌ನಿಂದ ಮಾತರ ಕಡೆಯ ರೈಲು ಹತ್ತಿ, ಬಲಗಡೆ ಕಿಟಕಿ ಹಿಡಿಯಿರಿ. ಹಳಿಯಿಂದ ಕಡಲು ಕೈಗೆಟುಕುವಷ್ಟು ಹತ್ತಿರ. ಸಂಜೆ ಕಚೇರಿ ಬಿಡುವ ಹೊತ್ತಿನ ರೈಲಿನಲ್ಲಿ ಮಾತ್ರ ನಿಲ್ಲಲೂ ಜಾಗವಿರದು. ಬಾಡಿಗೆ ವಾಹನ ಕರೆಸುವ ಪಿಕ್‌ಮಿ ಆ್ಯಪ್‌ನಲ್ಲಿ ತ್ರಿಚಕ್ರದ ದರ ನೋಡಿಕೊಂಡರೆ ಚೌಕಾಸಿಗೆ ಅಳತೆ ಸಿಗುತ್ತದೆ, ಬೀಚಿನ ಸ್ಟ್ಯಾಂಡಿನವರು ಆ ದರಕ್ಕೆ ಬರುವುದು ಕಡಿಮೆ. ಸ್ಕೂಟರ್ ಬಾಡಿಗೆಗೆ ಕೊಡುವವರು ಪರವಾನಗಿ ಕೇಳದೆ ಇರಬಹುದು, ಪೊಲೀಸರು ಕೇಳುತ್ತಾರೆ. ಶ್ರೀಲಂಕಾದಲ್ಲಿ ಮಾನ್ಯ ಮಾಡಿಸಿದ ಪರವಾನಗಿಯಿಲ್ಲದೆ ಬಿದ್ದರೆ ವಿಮೆಯೂ ಕೈಬಿಡುತ್ತದೆ.

ಗಾಲ್ ಕೋಟೆಗೆ ಒಂದು ಸಂಜೆ ಇಡಿ. 1588ರಲ್ಲಿ ಪೋರ್ಚುಗೀಸರು ಶುರುಮಾಡಿ, ಡಚ್ಚರು ಬೆಳೆಸಿದ ಗೋಡೆ. 1988ರಿಂದ ವಿಶ್ವ ಪರಂಪರೆಯ ತಾಣ. ನಾಲ್ಕೂವರೆಗೆ ಗಡಿಯಾರ ಗೋಪುರದಿಂದ ಶುರುಮಾಡಿ ಗೋಡೆಯ ಮೇಲೇ ನಡೆಯುತ್ತಾ ಹೋದರೆ ಸೂರ್ಯ ಮುಳುಗುವ ಆರು–ಆರೂವರೆಯೊಳಗೆ ದೀಪಸ್ತಂಭದ ಕಡೆ ಬರಬಹುದು. ಪಂದ್ಯ ನಡೆಯುತ್ತಿದ್ದರೆ ಕೋಟೆ ಗೋಡೆಯ ಮೇಲಿಂದಲೇ ಕ್ರಿಕೆಟ್ ಕಾಣುತ್ತದೆ. ಕೊಗ್ಗಲದಲ್ಲಿ ನೀರಿನಲ್ಲಿ ನೆಟ್ಟ ಕಂಬದ ಮೇಲೆ ಕೂತು ಗಾಳ ಹಾಕುವ ಮೀನುಗಾರರು ಈಗ ಬಹುಮಟ್ಟಿಗೆ ಫೋಟೊಗಾಗಿ ಕೂರುವವರು, ದುಡ್ಡು ಮೊದಲೇ ಮಾತಾಡಿಕೊಂಡು ಕ್ಯಾಮೆರಾ ತೆಗೆಯಿರಿ.

ವಾಪಸಾಗುವ ದಾರಿಯಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತುವ ಮುನ್ನ ರಸ್ತೆ ಬದಿಯಲ್ಲಿ ಮಣ್ಣಿನ ಕುಡಿಕೆಗಳ ಗೋಪುರ ಕಂಡರೆ ವ್ಯಾನ್ ನಿಲ್ಲಿಸಿ. ಅದು ಎಮ್ಮೆ ಮೊಸರು, ಮೀಕಿರಿ. ಮೇಲೆ ಬೆರಳಷ್ಟು ದಪ್ಪ ಕೆನೆ ಕಟ್ಟಿರಬೇಕು, ಚಮಚ ನೆಟ್ಟರೆ ನಿಲ್ಲಬೇಕು. ನೀರು ಬಿಟ್ಟು ಬದಿಯಲ್ಲಿ ತೇಲುತ್ತಿದ್ದರೆ ನಿನ್ನೆಯದು. ಮೇಲೆ ಸುರಿಯುವ ಕಿತುಲ್ ಪಾನಿ ಬೈನೆ ಮರದ ನೀರಾ ಕಾಸಿದ್ದು, ಹೊಗೆಯ ವಾಸನೆ ಇದ್ದರೆ ಅಸಲಿ. ಬರೀ ಸಿಹಿ ಇದ್ದರೆ ಸಕ್ಕರೆ ಬೆರೆಸಿದ್ದು. ಒಂದು ಲೀಟರಿನ ಕುಡಿಕೆ ನಾಲ್ಕು ಜನಕ್ಕೆ ಸಾಕು. ಪಾನಿಯ ಬಾಟಲಿಯನ್ನು ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವಿನಲ್ಲಿ ಬಟ್ಟೆಗಳ ಮಧ್ಯೆ ಇಡಿ.